ಎರಲಿಂಗನ ಪರಿಚಯದ ಹಾಡು

ಜನವರಿ 6, ಸೋಮವಾರ

ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ಬಚ್ಚಲ ಕನ್ನಡಿಯ ಮೂಲೆಯಲ್ಲಿ, ದೊಡ್ಡಮ್ಮ ಅಂಟಿಸಿಟ್ಟ ಬೊಟ್ಟುಗಳ ಪಕ್ಕದಲ್ಲಿ, ಒಂದು ಮೀಸೆಯೂ ಅಂಟಿಕೊಂಡಿತ್ತು. ಮೊನ್ನೆ ಗಂಡಸಿ ಊರಿನಲ್ಲಿ ನಾಟಕ ಮುಗಿಸಿ ಬಂದವಳು ಮುಖ ತೊಳೆಯುವಾಗ ತೆಗೆದಿದ್ದಾಳೆ. ಬೊಟ್ಟು ತೆಗೆದು ಕನ್ನಡಿಗೆ ಒತ್ತುವ ನಿತ್ಯದ ಕೈ ಮೀಸೆಯನ್ನೂ ಅಲ್ಲಿಗೇ ಒಯ್ದಿದೆ. ದೊಡ್ಡಪ್ಪ ಗಡ್ಡ ಕೆರೆದುಕೊಳ್ಳುತ್ತಾ, “ನಂಗಿಲ್ದಿದ್ದು ಇವ್ಳಿಗೈತೆ ನೋಡವ್ವ” ಎಂದರು.

ಎಂ.ಎ. ಮುಗಿಸಿ ಮೈಸೂರಿನಿಂದ ಬಂದಮೇಲೆ ನಾನು ಹಾರನಹಳ್ಳಿಯ ಈ ದೊಡ್ಡಮ್ಮನ ಮನೆಯಲ್ಲೇ ಇದ್ದೇನೆ. ದೊಡ್ಡಮ್ಮನ ಹೆಸರು ವಿಶಾಲಮ್ಮ. ಹೆಂಗಸರದ್ದೇ ಒಂದು ನಾಟಕದ ತಂಡ ಕಟ್ಟಿ ಮೂರು ವರ್ಷದಿಂದ ಒಂದೇ ಪೌರಾಣಿಕ ನಾಟಕವನ್ನು ಊರೂರಲ್ಲಿ ಆಡಿಸುತ್ತಿದ್ದಾಳೆ. ಗದೆ ಹಿಡಿಯುವ ವೀರನ ಪಾತ್ರ ಅವಳದು. ನನಗೂ ಕೆಲಸ ಕೊಟ್ಟಿದ್ದಾಳೆ. ಪಕ್ಕದ ಪರದೆಯ ಹಿಂದೆ ನಿಂತು, ಯಾರಾದರೂ ಮಾತು ಮರೆತರೆ ಪಿಸುಮಾತಿನಲ್ಲಿ ಎತ್ತಿಕೊಡುವುದು. ಜನ ನನ್ನನ್ನು ನೋಡುವುದಿಲ್ಲ. ನಾನು ಪರದೆಯ ತೂತಿನಿಂದ ಅವರನ್ನೆಲ್ಲ ನೋಡುತ್ತೇನೆ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಜನವರಿ 9, ಗುರುವಾರ

ಹಳೇಬೀಡಿಗೆ ಹೋಗಿದ್ದೆ. ವಾರಕ್ಕೆ ಎರಡು ಸಲ ಅಲ್ಲಿ ಬೆರಿಟ್ ಅವರ ಜೊತೆ ಇರುತ್ತೇನೆ. ನಾರ್ವೆಯಿಂದ ಬಂದ ನಿವೃತ್ತ ಮೇಡಂ, ಎಪ್ಪತ್ತು ದಾಟಿದೆ, ದೇವಸ್ಥಾನದ ಬುಡದಲ್ಲಿ ಸುತ್ತುವ ಆನೆಗಳ ಸಾಲನ್ನು ಪೆನ್ಸಿಲ್ಲಿನಲ್ಲಿ ಬಿಡಿಸುತ್ತಿದ್ದಾರೆ. ಅಂಗಡಿಯವರ ಹತ್ತಿರ, ಮನೆ ಓನರ್ ಹತ್ತಿರ ಕನ್ನಡ ಮಾತಾಡಲು ಅವರಿಗೆ ನಾನು ಬೇಕು. ಇಬ್ಬರಿಗೂ ಮಾತು ಕಡಿಮೆ. ಅದಕ್ಕೇ ಹೊಂದಿಕೆಯಾಗಿದೆ.

ಇವತ್ತು ಚಹಾ ಅಂಗಡಿಯ ಚಿದಂಬರ ಅವರು, “ಈಯಮ್ಮನ ತಂದೆ ಏನ್ ಮಾಡ್ಕಂಡಿದ್ರು ಅಂತ ಕೇಳ್ರಿ” ಎಂದರು. ಇಷ್ಟು ದಿನ ಜೊತೆಗಿದ್ದರೂ ನಾನು ಕೇಳಿರಲಿಲ್ಲ. ಕೇಳಿದೆ. ಬೆರಿಟ್ ಪೆನ್ಸಿಲ್ ಕೆಳಗಿಟ್ಟರು.

ಅವರ ತಂದೆಯ ಹೆಸರು ಎರ್ಲಿಂಗ್. ಜರ್ಮನರ ಸೈನ್ಯ ನಾರ್ವೆಯನ್ನು ಹಿಡಿದುಕೊಂಡಾಗ ಅವನಿಗೆ ನನ್ನ ವಯಸ್ಸು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟಗಳ ಮೇಲೆ ಜಾರುತ್ತಾ, ಬೆನ್ನ ಮೇಲೆ ಸೌದೆಯ ಹೊರೆಯೊಳಗೆ ರೇಡಿಯೋ ಪೆಟ್ಟಿಗೆ ಬಚ್ಚಿಟ್ಟುಕೊಂಡು, ಜರ್ಮನರ ಹಡಗುಗಳು ಎಲ್ಲಿವೆ ಎಂಬ ಸುದ್ದಿಯನ್ನು ಲಂಡನ್ನಿಗೆ ಕಳಿಸುತ್ತಿದ್ದನಂತೆ. ಅವನಿಗೆ ಓಲಾ, ಕ್ನೂಟ್, ಯೆನ್ಸ್, ಗುದ್ರುನ್ ಎಂದು ನಾಲ್ಕು ಜನ ಜೊತೆಗಾರರು. ಒಂದು ಚಳಿಗಾಲ ಸಿಕ್ಕಿಬಿದ್ದ. ಜೊತೆಗಾರರ ಹೆಸರು ಹೇಳು ಎಂದು ಹೊಡೆದರು, ಉಪವಾಸ ಕೆಡವಿದರು. ಹೇಳಲಿಲ್ಲ. ಕೊನೆಗೆ ಬೇರೆ ಜೈಲಿಗೆ ಸಾಗಿಸುವಾಗ ಲಾರಿಯಿಂದ ಹಿಮಕ್ಕೆ ಹಾರಿ, ನಡೆದು ನಡೆದು ಪಕ್ಕದ ದೇಶ ಸೇರಿದ. ಯುದ್ಧ ಮುಗಿದ ಮೇಲೆ ಉತ್ತರದ ಮಂಜುಗಡ್ಡೆಯ ದ್ವೀಪಗಳಿಗೆ ಹೋಗಿ, ಯಾರೂ ಕಾಲಿಡದ ಜಾಗಗಳ ನಕ್ಷೆ ಬರೆಯುತ್ತಾ ಅರ್ಧ ಆಯುಸ್ಸು ಡೇರೆಯಲ್ಲೇ ಕಳೆದ.

“ಅಪ್ಪ ಮಾಡಿದ ದೊಡ್ಡ ಕೆಲಸ ಎಂದರೆ ಮಾತಾಡದೇ ಇದ್ದದ್ದು. ನಮ್ಮ ಮನೆಯಲ್ಲಿ ಅದೊಂದೇ ಆಸ್ತಿ” ಎಂದರು ಬೆರಿಟ್.

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಂಗಡಿಯ ಮುಂದೆ ಬಸ್ಸಿಗೆ ನಿಂತಿದ್ದವರೆಲ್ಲ ಒಳಗೆ ಬಂದಿದ್ದರು. ನನ್ನ ಚಹಾ ಆರಿಹೋಗಿತ್ತು. ಚಿದಂಬರ ಅವರು ಲೋಟ ತೊಳೆಯುವುದನ್ನೇ ಬಿಟ್ಟು, “ಒಂದ್ ಹೆಸ್ರೂ ಯೋಳ್ಲಿಲ್ವಾ?” ಎಂದು ಕೇಳಿದರು. ಒಂದೂ ಇಲ್ಲ ಎಂದೆ. “ಆಹಾ!” ಎಂದು ಮತ್ತೆ ಹಾಲು ಒಲೆಗಿಟ್ಟರು.

ಜನವರಿ 12, ಭಾನುವಾರ

ನಮ್ಮ ನಾಟಕದ ತಾಲೀಮು ನಡೆಯುವುದು ಕೊಬ್ಬರಿ ಅಟ್ಟದ ಕೆಳಗೆ. ಮೇಲೆ ವರ್ಷಗಟ್ಟಲೆ ಒಣಗಲು ಬಿಟ್ಟ ಕಾಯಿಗಳು. ಇಲಿ ಓಡಿದಾಗೆಲ್ಲ ಒಂದೆರಡು ಉರುಳಿ ಗುಡುಗಿದಂತೆ ಸದ್ದಾಗುತ್ತದೆ. ಇವತ್ತು ಕಾಫಿಯ ಹೊತ್ತಿನಲ್ಲಿ ದೊಡ್ಡಮ್ಮ ಒತ್ತಾಯ ಮಾಡಿದ್ದಕ್ಕೆ ಎರ್ಲಿಂಗನ ಕಥೆ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. ತಲೆ ಎತ್ತಿದಾಗ ಯಾರೂ ಕಾಫಿ ಕುಡಿದಿರಲಿಲ್ಲ.

“ಇದ್ನೇ ಆಡಣ ಕಣೇ” ಎಂದಳು ದೊಡ್ಡಮ್ಮ.

ತಂಡದಲ್ಲೆಲ್ಲ ಹಿರಿಯಳಾದ ದೇವೀರಮ್ಮಜ್ಜಿ ತಕ್ಷಣ ಸೇರಿಸಿತು: “ಆಡಣ. ನಮ್ ಹಳೇ ನಾಟ್ಕ ಜನಕ್ಕೆಲ್ಲ ಬಾಯಿಪಾಠ. ಯಾರ್ ಸಾಯ್ತಾರೆ ಅಂತ ಗೊತ್ತಾಗೋಗಿ, ಸಾಯಕ್ ಮುಂಚೇನೇ ಚಾಪೆ ಸುತ್ಕಂಡ್ ಎದ್ದೋಯ್ತಾರೆ.”

ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ತಮ್ಮಯ್ಯ ಮೇಷ್ಟ್ರು ಕಣ್ಣು ಮುಚ್ಚಿ ಒಂದು ಸ್ವರ ಹಿಡಿದರು. “ಹೆಸ್ರೇನಂದೆ? ಎರ್ಲಿಂಗಾ? ಎರಲಿಂಗ! ನಮ್ಮೋನೇ ಆದ ಬುಡು.”

ಕೇಡಿಗ ರಾಜನ ಪಾತ್ರ ಮಾಡುವ ದ್ರಾಕ್ಷಾಯಣಿ ಅಕ್ಕನಿಗೆ ಒಂದೇ ಚಿಂತೆ. “ಜರ್ಮನ್ ಸೇನಾಪತಿಗೆ ಕಿರೀಟ ಐತೋ ಇಲ್ವೋ?”

ಮಾತು ನಾನು ಬರೆಯಬೇಕು, ಹಾಡು ಮೇಷ್ಟ್ರು ಕಟ್ಟುತ್ತಾರೆ. ಮಾರ್ಚಿನಲ್ಲಿ ಶಾಲೆಯ ಮೈದಾನದಲ್ಲಿ ಆಟ. ನಾನು ಹೂಂ ಎಂದುಬಿಟ್ಟೆ. ನಾನು ಎಲ್ಲದಕ್ಕೂ ಹೂಂ ಎನ್ನುವವಳೇ.

ಜನವರಿ 16, ಗುರುವಾರ

ಬೆರಿಟ್ ಅವರಿಗೆ ಹೇಳಿದೆ. ಅವರು ತುಂಬ ಹೊತ್ತು ನಕ್ಕರು. ಕೊನೆಗೆ, “ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ. ಅಪ್ಪನನ್ನು ಇಷ್ಟು ಬಿಸಿಲಿನ ಊರಿನಲ್ಲಿ ನೋಡುತ್ತೇನೆ ಎಂದುಕೊಂಡಿರಲಿಲ್ಲ” ಎಂದರು. ಆಮೇಲೆ ಒಂದು ಆನೆಯ ಸೊಂಡಿಲನ್ನು ಅಳಿಸಿ ಅಳಿಸಿ ಮತ್ತೆ ಬರೆದರು.

ಜನವರಿ 25, ಶನಿವಾರ

ಹಿಮ ಯಾವುದರಲ್ಲಿ ಮಾಡುವುದು ಎಂದು ಮಧ್ಯಾಹ್ನವೆಲ್ಲ ಚರ್ಚೆ. ಹತ್ತಿ ಗಾಳಿಗೆ ಹಾರುತ್ತದೆ, ಸುಣ್ಣ ಕಣ್ಣಿಗೆ ಬೀಳುತ್ತದೆ, ಥರ್ಮಾಕೋಲ್ ದ್ರಾಕ್ಷಾಯಣಿ ಅಕ್ಕನ ಜಡೆಗೆ ಅಂಟುತ್ತದೆ. ಸುಮ್ಮನೆ ಕೂತಿದ್ದ ದೇವೀರಮ್ಮಜ್ಜಿ ಕೈಯೆತ್ತಿ ಅಟ್ಟ ತೋರಿಸಿತು. “ಬೆಳ್ಳಗಿರೋದು ಮನೆ ತುಂಬ ಐತಲ್ರೇ.”

ಹೀಗೆ ನಾರ್ವೆಯ ಹಿಮ ಎಂದರೆ ಕೊಬ್ಬರಿ ತುರಿ ಎಂದು ತೀರ್ಮಾನವಾಯಿತು. ದೊಡ್ಡಪ್ಪನಿಗೆ ಸದ್ಯಕ್ಕೆ ತಿಳಿಸಬಾರದು ಎಂಬುದೂ ತೀರ್ಮಾನವಾಯಿತು. ಕಾಲಿನ ಹಲಗೆಗೆ ಒಣಗಿದ ತೆಂಗಿನ ಮಟ್ಟೆ. ದೊಡ್ಡಮ್ಮ ಮಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಎರಡು ಹೆಜ್ಜೆ ಜಾರಿ, ರಾಗಿ ಒಣಗಿಸಿದ್ದ ಚಾಪೆಯ ಮೇಲೆ ಕೂತುಬಿಟ್ಟಳು. ಎಬ್ಬಿಸಲು ಹೋದವರೂ ನಗುತ್ತಾ ಪಕ್ಕದಲ್ಲೇ ಕೂತರು.

ಕಿರೀಟ ಇಲ್ಲ ಎಂದು ನಾನು ಬರೆದಿದ್ದೆ. ದ್ರಾಕ್ಷಾಯಣಿ ಅಕ್ಕ ಒಪ್ಪಲಿಲ್ಲ. “ಕಿರೀಟ ಇಲ್ದಿದ್ರೆ ನಾನು ಕೆಟ್ಟೋನು ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು ಕಣೇ?” ನಾನು ಹೂಂ ಎಂದೆ. ಕಿರೀಟದಿಂದ ಯಾರಿಗೂ ನಷ್ಟವಿಲ್ಲ.

ಫೆಬ್ರವರಿ 2, ಭಾನುವಾರ

ಮೇಷ್ಟ್ರು ಜೈಲಿನ ದೃಶ್ಯದ ಹಾಡು ತಂದರು. ಸೇನಾಪತಿ “ನೀನಾರು, ನಿನ್ನವರಾರು?” ಎಂದು ಕೇಳುತ್ತಾನೆ. ಎರಲಿಂಗ ಎದೆ ತಟ್ಟಿ ಹಾಡುತ್ತಾನೆ:

ಕೇಳೆಲವೊ ದುರುಳನೇ, ಎರಲಿಂಗ ನಾನು ಕಾಣೋ
ಓಲನೆನ್ನ ಬಲದ ತೋಳು, ಕ್ನೂಟನೆನ್ನ ಎಡದ ತೋಳು
ಯೆನ್ಸನೆನ್ನ ಕಣ್ಣು ಕಾಣೋ, ಗುದ್ರೂನೆನ್ನ ತಂಗಿ ಕಾಣೋ
ನಾಲ್ವರಿರುವ ಊರ ದಾರಿ ಹೇಳಲೇನೋ ಮೂಢನೇ!

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನ ಗಂಟಲಿಗೆ ಹೇಳಿ ಮಾಡಿಸಿದ ರಾಗ. ಮೂರನೆಯ ಸಾಲಿಗೆ ಹೋಗುವಷ್ಟರಲ್ಲಿ ಬೀದಿಯವರು ಬಾಗಿಲಿಗೆ ಬಂದಿದ್ದರು.

ನಾನು ಚಪ್ಪಾಳೆ ತಟ್ಟಲಿಲ್ಲ. ನಾಲ್ಕೂ ಹೆಸರನ್ನು, ಅವರಿರುವ ದಾರಿಯನ್ನು, ಕೇಳಿದ ಕೂಡಲೇ ಶತ್ರುವಿಗೆ ಹಾಡಿ ಒಪ್ಪಿಸುತ್ತಿದ್ದಾನೆ ಎರಲಿಂಗ. ಮೇಷ್ಟ್ರದ್ದೂ ತಪ್ಪೆನ್ನಲಾರೆ. ಅವರು ಕಲಿತ ನಾಟಕದಲ್ಲಿ ವೀರನಾದವನು ರಂಗಕ್ಕೆ ಬಂದಮೇಲೆ ತಾನು ಯಾರು, ಯಾರ ಮಗ, ಬೆನ್ನಿಗಿರುವವರು ಯಾರು ಎಂದು ಹಾಡಲೇಬೇಕು. ಪರಿಚಯದ ಹಾಡಿಲ್ಲದವನು ವೀರನೇ ಅಲ್ಲ. ಆದರೆ ಮುಂದಿನ ಸಾಲಿನಲ್ಲಿ ಬೆರಿಟ್ ಕೂತಿರುತ್ತಾರೆ. ಅವರಿಗೆ ಅಷ್ಟೇನೂ ಕನ್ನಡ ಬಾರದು, ನಾಲ್ಕು ಹೆಸರು ಮಾತ್ರ ಚೆನ್ನಾಗಿ ಅರ್ಥವಾಗುತ್ತವೆ.

ಮೇಷ್ಟ್ರು ನನ್ನನ್ನೇ ನೋಡಿ, “ಹೆಂಗೈತವ್ವ?” ಎಂದರು.

ಚೆನ್ನಾಗಿದೆ ಎಂದೆ.

ಫೆಬ್ರವರಿ 4

ಹೇಳಲಿಲ್ಲ.

ಫೆಬ್ರವರಿ 7

ಇವತ್ತು ಹೇಳಬೇಕೆಂದು ಮೇಷ್ಟ್ರ ಮನೆಯವರೆಗೂ ಹೋದೆ. ಜಗಲಿಯಲ್ಲಿ ಹಾರ್ಮೋನಿಯಂ ಒರೆಸುತ್ತಾ ಅದೇ ಹಾಡು ಗುನುಗುತ್ತಿದ್ದರು. “ನಲವತ್ತು ವರ್ಷದಲ್ಲಿ ಇಂಥದ್ದೊಂದು ಕಟ್ಟಿರ್ಲಿಲ್ಲ ಕಣವ್ವ” ಎಂದರು. ಎಳನೀರು ಕುಡಿದು ವಾಪಸು ಬಂದೆ.

ಫೆಬ್ರವರಿ 9, ಭಾನುವಾರ

ಊರಿನ ಹೆಂಗಸರೆಲ್ಲ ಈಗ ನಲ್ಲಿಯ ಹತ್ತಿರ ಇದೇ ಹಾಡು ಹೇಳುತ್ತಾರೆ. “ಓಲನೆನ್ನ ಬಲದ ತೋಳು” ಎಂದು ಒಬ್ಬಳು ಕೊಡ ಎತ್ತಿದರೆ ಇನ್ನೊಬ್ಬಳು “ಕ್ನೂಟನೆನ್ನ ಎಡದ ತೋಳು” ಎಂದು ಕೈ ಕೊಡುತ್ತಾಳೆ. ಕೇಳಲು ಎಷ್ಟು ಚೆನ್ನಾಗಿದೆ ಎಂದರೆ, ಅದೇ ನನಗೆ ಭಯ.

ಫೆಬ್ರವರಿ 13, ಗುರುವಾರ

ಬೆರಿಟ್ ಅವರ ಜೊತೆ ಬೇಲೂರಿಗೆ ಹೋದೆ. ದೇವಸ್ಥಾನದಲ್ಲಿ ಅವರು ಮದನಿಕೆಯರ ಮುಖ ನೋಡುವುದನ್ನು ಬಿಟ್ಟು ಕೆಳಗಿನ ಅಕ್ಷರಗಳನ್ನು ತೋರಿಸಿ, ಇದೇನು ಎಂದರು. ಎಂ.ಎ.ಯಲ್ಲಿ ಶಾಸನ ಓದಿದ್ದು ಅಲ್ಪಸ್ವಲ್ಪ ನೆನಪಿತ್ತು. ಒಂದರಲ್ಲಿ ದಾಸೋಜ ಎಂದು ಓದಿದೆ. ಕೆತ್ತಿದವನ ಹೆಸರು, ತನ್ನ ಹೆಸರನ್ನು ತಾನೇ ಹಾಕಿಕೊಂಡಿದ್ದಾನೆ ಎಂದೆ.

ಅವರು ಆ ಅಕ್ಷರಗಳನ್ನೇ ನೋಡುತ್ತಾ ನಿಂತರು. ಅಷ್ಟು ಹೊತ್ತು ನಿಂತದ್ದು ನೋಡಿ ನಾನೇ ಕೇಳಿಬಿಟ್ಟೆ: “ನಿಮ್ಮ ತಂದೆ ಆ ನಾಲ್ಕು ಹೆಸರನ್ನು ನಿಮಗೆ ಯಾವಾಗ ಹೇಳಿದರು?”

“ಬಾಯಲ್ಲಿ ಹೇಳಲಿಲ್ಲ” ಎಂದರು. “ಉತ್ತರದ ದ್ವೀಪದಲ್ಲಿ ಅಪ್ಪ ನಕ್ಷೆ ಬರೆದ ಜಾಗಕ್ಕೆ ಹೆಸರೇ ಇರಲಿಲ್ಲ. ಹೆಸರಿಡುವ ಕೆಲಸವೂ ಅವರದೇ. ಒಂದು ಬೆಟ್ಟಕ್ಕೆ ಓಲಾ ಎಂದಿಟ್ಟರು. ಒಂದು ಶಿಖರಕ್ಕೆ ಕ್ನೂಟ್. ಹಿಮದ ಹೊಳೆಗೆ ಯೆನ್ಸ್. ಸಮುದ್ರದ ಪಕ್ಕದ ಸಣ್ಣ ಗುಡ್ಡಕ್ಕೆ ಗುದ್ರುನ್. ಯಾರು ಬೇಕಾದರೂ ಓದಬಹುದು. ಜರ್ಮನಿಯವರೂ ಓದಬಹುದು!”

ಇಬ್ಬರೂ ನಕ್ಕೆವು. ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಶಾಲೆಯ ಹುಡುಗಿಯರು ನಮ್ಮನ್ನು ನೋಡಿ ಅವರೂ ನಕ್ಕರು.

ವಾಪಸು ಬರುವ ಬಸ್ಸಿನಲ್ಲಿ, ಜಾವಗಲ್ ದಾಟುವಾಗ, ಹಾಡು ಎಲ್ಲಿ ಬರಬೇಕು ಎಂಬುದು ಇದ್ದಕ್ಕಿದ್ದಂತೆ ಗೊತ್ತಾಯಿತು. ಎಷ್ಟು ಸುಲಭ! ಹಾಡು ತಪ್ಪಲ್ಲ. ಜಾಗ ತಪ್ಪು. ಜೋರಾಗಿ ಹೇಳಿಬಿಟ್ಟೆನೇನೋ, ಪಕ್ಕದ ಸೀಟಿನ ಹೆಂಗಸು, “ಯಾವ್ ಜಾಗ ಬೇಕಾಗಿತ್ತಮ್ಮ, ಕಿಟ್ಕಿ ಕಡೀಕ್ ಬತ್ತೀಯಾ?” ಎಂದರು.

ಫೆಬ್ರವರಿ 16, ಭಾನುವಾರ

ಹೇಳಿದೆ. ತಾಲೀಮಿನಲ್ಲಿ, ಎಲ್ಲರ ಮುಂದೆ. ಒಬ್ಬರೇ ಇದ್ದಾಗ ಹೇಳೋಣವೆಂದು ಕಾದೆ. ಮೇಷ್ಟ್ರು ಒಬ್ಬರೇ ಆಗಲೇ ಇಲ್ಲ.

“ಮೇಷ್ಟ್ರೇ, ಜೈಲಲ್ಲಿ ಎರಲಿಂಗ ಹಾಡಬಾರದು.”

“ಯಾಕವ್ವ?”

“ಹೆಸರು ಹೇಳದೇ ಇದ್ದದ್ದಕ್ಕೇ ಅವನು ವೀರ. ನಾವು ಹೇಳಿಸಿಬಿಟ್ಟರೆ ಆ ನಾಲ್ವರನ್ನು ನಾವೇ ಹಿಡಿದುಕೊಟ್ಟ ಹಾಗೆ.”

ಮೇಷ್ಟ್ರ ಕೈ ಹಾರ್ಮೋನಿಯಂ ಮನೆಗಳ ಮೇಲೆ ನಿಂತಿತು. “ಹಂಗಾರೆ ಅಲ್ಲಿ ಏನ್ ಹಾಡ್ಬೇಕು?”

“ಏನೂ ಇಲ್ಲ. ಸುಮ್ಮನೆ ನಿಲ್ಲಬೇಕು.”

“ಸುಮ್ಕೆ! ಪಾತ್ರಧಾರಿ ರಂಗದ್ ಮ್ಯಾಲೆ ಬಾಯ್ ಮುಚ್ಕಂಡ್ ನಿಂತ್ರೆ ಜನ ಏನಂತಾರೆ ಗೊತ್ತಾ? ಪಾರ್ಟು ಮರ್ತೋಯ್ತು ಅಂತಾರೆ. ತಮ್ಮಯ್ಯ ಹಾಡು ಕಲಿಸ್ಲಿಲ್ಲ ಅಂತಾರೆ. ನಾನು ಈ ಊರಲ್ಲಿ ತಲೆ ಎತ್ಕಂಡ್ ತಿರುಗ್ಬೇಕಾ ಬ್ಯಾಡ್ವಾ?”

ಹಾಡನ್ನು ಕೊನೆಗೆ ಇಡೋಣ, ಹಿಮದ ದ್ವೀಪದಲ್ಲಿ ಅವನು ಬೆಟ್ಟಗಳಿಗೆ ಹೆಸರಿಡುವಾಗ ಹಾಡಲಿ, ಅದೇ ಮಂಗಳವಾಗಲಿ ಎಂದೆ. ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ. ಪೆಟ್ಟಿಗೆ ಮುಚ್ಚಿ, ಹೆಗಲಿಗೇರಿಸಿ ಹೊರಟರು.

ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. “ಮೂರು ವರ್ಷದಿಂದ ನಿನ್ ದನಿ ಹಿಂಗೈತೆ ಅಂತ್ಲೇ ನಂಗೊತ್ತಿರ್ಲಿಲ್ಲ” ಎಂದಳು. ನಾನು ಜೋರಾಗಿ ಮಾತಾಡಿದೆನಾ? ನಾಳೆ ಕ್ಷಮೆ ಕೇಳಬೇಕು.

ಫೆಬ್ರವರಿ 17

ಕ್ಷಮೆ ಕೇಳಲು ಹೋಗಲಿಲ್ಲ. ಕೇಳಬೇಕಾದದ್ದು ಏನೂ ಇಲ್ಲ ಎನಿಸಿತು.

ಫೆಬ್ರವರಿ 19, ಬುಧವಾರ

ಮೇಷ್ಟ್ರಿಲ್ಲದೆ ತಾಲೀಮು. ಹಾರ್ಮೋನಿಯಂ ಇಲ್ಲದೆ ಎಲ್ಲರೂ ಒಬ್ಬೊಬ್ಬರು ಒಂದೊಂದು ಶ್ರುತಿ. ಅಟ್ಟದ ಇಲಿಗಳೂ ಓಡಿಹೋದವು ಎಂದು ದೇವೀರಮ್ಮಜ್ಜಿ ಹೇಳಿತು.

ಜೈಲಿನ ದೃಶ್ಯವನ್ನು ಮೌನದಲ್ಲಿ ಮಾಡಿ ನೋಡಿದೆವು. ದ್ರಾಕ್ಷಾಯಣಿ ಅಕ್ಕನಿಗೆ ಮೊದಲು ಕಷ್ಟವಾಯಿತು. “ನಾನು ಕೇಳ್ತಾನೇ ಇರೋದು, ಇವ್ಳು ಉತ್ರನೇ ಕೊಡಲ್ವಾ?” ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. “ಇರ್ಲಿ ಬುಡು, ನಮ್ಮನೇವ್ರೂ ಹಂಗೇ. ಅಭ್ಯಾಸ ಐತೆ.”

ಸಾಯಂಕಾಲ ಬಾಗಿಲಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇಟ್ಟ ಸದ್ದು. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಕೂತು ಹಾಡಿದರು:

ಓಲನೆಂಬ ಬೆಟ್ಟಕೆ ಮಂಗಳ, ಕ್ನೂಟನೆಂಬ ಶಿಖರಕೆ ಮಂಗಳ
ಯೆನ್ಸನೆಂಬ ಹಿಮದ ಹೊಳೆಗೆ, ಗುದ್ರೂನೆಂಬ ಗುಡ್ಡಕೆ ಮಂಗಳ

ಅದೇ ರಾಗ, ನಿಧಾನ ಮಾಡಿದ್ದರು ಅಷ್ಟೇ. ಮುಗಿದ ಮೇಲೆ ನನ್ನ ಕಡೆ ತಿರುಗಿ, “ಹೆಂಗೈತವ್ವ?” ಎಂದರು. ಈ ಸಲ ನಿಜ ಹೇಳಿದೆ. ಎರಡನೆಯ ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುತ್ತದೆ ಎಂದೆ. “ಹೂಂ, ಎಳೀತದೆ” ಎಂದು ಅಲ್ಲೇ ತಿದ್ದಿದರು. “ಆದ್ರೆ ಜೈಲಲ್ಲಿ ಜನ ಕೂಗಾಡುದ್ರೆ ನಾನು ಪೆಟ್ಗೆ ನುಡಿಸೇ ನುಡಿಸ್ತೀನಿ. ಈಗ್ಲೇ ಹೇಳಿದೀನಿ.”

ಮಾರ್ಚ್ 8, ಶನಿವಾರ

ದೊಡ್ಡಪ್ಪನಿಗೆ ಹಿಮದ ವಿಷಯ ಗೊತ್ತಾಯಿತು. ಕೋಪ ಬರಲಿಲ್ಲ, ತಾವೇ ಒಳ್ಳೆ ಉಂಡೆ ಕೊಬ್ಬರಿ ಆರಿಸಿಕೊಟ್ಟು, “ಹಿಮ ಕರೀಗಿದ್ರೆ ನಮ್ ಹೆಸ್ರಿಗೆ ಕೆಟ್ದು” ಎಂದರು. ಬೀದಿಯ ಹೆಂಗಸರೆಲ್ಲ ಸೇರಿ ತುರಿಯುತ್ತಿದ್ದಾರೆ. ಬರೆಯಲು ಹೊತ್ತಿಲ್ಲ.

ಮಾರ್ಚ್ 10, ಸೋಮವಾರ

ನಿನ್ನೆ ಆಟ ಆಯಿತು. ಇವತ್ತು ಬೆಳಗಿನಿಂದ ಬರೆಯಬೇಕು ಬರೆಯಬೇಕು ಎಂದು ಮನೆಯೆಲ್ಲ ಸುತ್ತಿದೆ. ಗಂಟಲು ಕಟ್ಟಿದೆ, ಯಾಕೆಂದು ಗೊತ್ತಿಲ್ಲ. ನಾನೇನೂ ಕೂಗಿಲ್ಲವಲ್ಲ.

ಬಿಸಿಲು ಇಳಿಯುವ ಮೊದಲೇ ಮೈದಾನ ತುಂಬಿತ್ತು. ಬೆರಿಟ್ ಮುಂದಿನ ಸಾಲಿನಲ್ಲಿ, ದೇವೀರಮ್ಮಜ್ಜಿ ಉಡಿಸಿದ ಹಸಿರು ಇಳಕಲ್ ಸೀರೆಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಅವರನ್ನು ಕರೆದುಕೊಂಡು ಬಂದ ಹಳೇಬೀಡಿನ ಚಿದಂಬರ ಅವರು ಪಕ್ಕದಲ್ಲಿ. ಅಂಗಡಿ ಮುಚ್ಚಿ ಬಂದಿದ್ದರು.

ಮೊದಲ ದೃಶ್ಯಗಳೆಲ್ಲ ಹೂವಿನ ಹಾಗೆ ಹೋದವು. ನಾಲ್ಕು ಜನ ಜೊತೆಗಾರರು ಬಂದರು, ಸೌದೆ ಹೊರೆಯಲ್ಲಿ ರೇಡಿಯೋ ಇಟ್ಟರು. ದೊಡ್ಡಮ್ಮ ಮಟ್ಟೆ ಕಟ್ಟಿಕೊಂಡು ರಂಗದ ಈ ಮೂಲೆಯಿಂದ ಆ ಮೂಲೆಗೆ ಬೀಳದೆ ಜಾರಿದಾಗ ಸಿಳ್ಳೆಗಳು. ಮೇಲಿನಿಂದ ಹಿಮ ಉದುರಿದಾಗ ಮುಂದಿನ ಸಾಲಿನವರು ಒಂದು ಕ್ಷಣ ನೋಡಿದರು, ಮೂಸಿದರು, ಆಮೇಲೆ ಸೆರಗೊಡ್ಡಿದರು. “ಸಕ್ರೆ ಒಂಚೂರ್ ಹಾಕ್ಬೇಕಾಗಿತ್ತು!” ಎಂದು ಯಾರೋ ಕೂಗಿದರು.

ಜೈಲಿನ ದೃಶ್ಯ ಬಂತು. ದ್ರಾಕ್ಷಾಯಣಿ ಅಕ್ಕ ಕಿರೀಟ ಅಲ್ಲಾಡಿಸಿಕೊಂಡು ಬಂದು ಗರ್ಜಿಸಿದಳು: “ನಿನ್ನವರಾರು? ಹೇಳು!”

ದೊಡ್ಡಮ್ಮ ಸುಮ್ಮನೆ ನಿಂತಳು.

“ಹೇಳುವೆಯೋ ಇಲ್ಲವೋ!”

ಸುಮ್ಮನೆ.

ಮೊದಲು ಜನ ಕಾದರು. ಆಮೇಲೆ ಹಿಂದಿನಿಂದ ಒಂದು ಗಂಡಸಿನ ದನಿ: “ಪಾರ್ಟು ಮರ್ತೋಯ್ತು ಕಣ್ರೋ!” ಮೈದಾನವೆಲ್ಲ ನಗು. “ಏ ಪ್ರಾಂಪ್ಟು! ಮಲಗ್ಬುಟ್ರಾ?” ಅದು ನನಗೆ. ಮೂರು ವರ್ಷದಲ್ಲಿ ಮೊದಲ ಸಲ ಊರೆಲ್ಲ ನನ್ನನ್ನು ಕೂಗಿ ಕರೆಯುತ್ತಿತ್ತು, ಎತ್ತಿಕೊಡಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ತೂತಿನಿಂದ ನೋಡಿದೆ. ದೊಡ್ಡಮ್ಮನ ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು. ಮೂಗಿನ ತುದಿಯಲ್ಲಿ ಬೆವರು. ಬೆರಿಟ್ ಅವರು ಎರಡೂ ಕೈಗಳನ್ನು ಮೊಣಕಾಲ ಮೇಲೆ ಒತ್ತಿಕೊಂಡಿದ್ದರು.

ರಂಗದ ಅಂಚಿನಲ್ಲಿ ಕೂತಿದ್ದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕೈ ಹಾರ್ಮೋನಿಯಂ ತಿದಿಗೆ ಹೋಯಿತು. ಆ ರಾಗ ಒಂದು ಎಳೆ ಕೇಳಿದರೆ ಸಾಕು, ದೊಡ್ಡಮ್ಮನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ನಲ್ಲಿಯ ಹೆಂಗಸರೆಲ್ಲ ದನಿಗೂಡಿಸುತ್ತಾರೆ. ನಾನು ಹೋಗಿ ತಿದಿಯ ಮೇಲೆ ಅಂಗೈ ಇಟ್ಟೆ. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕೈ ತೆಗೆಯಲಿಲ್ಲ.

ಆಗ ಮುಂದಿನ ಸಾಲಿನಿಂದ ಚಿದಂಬರ ಅವರು ಎದ್ದು ನಿಂತು ಹಿಂದಕ್ಕೆ ತಿರುಗಿ ಕೂಗಿದರು: “ಮರ್ತಿಲ್ಲ ಕಣ್ರೋ! ಯೋಳಲ್ಲ ಅವ್ನು! ಸತ್ರೂ ಯೋಳಲ್ಲ!”

ನಗು ನಿಂತಿತು. ಯಾವುದೋ ಮುದುಕಿಯ ದನಿ, “ಯೋಳ್ಬ್ಯಾಡ ಕಣಪ್ಪ!” ಎಂದಿತು. ಇನ್ನೊಂದು, “ಯೋಳ್ಬ್ಯಾಡ!” ಆಮೇಲೆ ಇಡೀ ಮೈದಾನ. “ಯೋಳ್ಬ್ಯಾಡ! ಯೋಳ್ಬ್ಯಾಡ!” ಎಂದು ನೆಲ ನಡುಗುವ ಹಾಗೆ.

ದ್ರಾಕ್ಷಾಯಣಿ ಅಕ್ಕನಿಗೆ ಏನನ್ನಿಸಿತೋ. ನಾನು ಬರೆದ ಮಾತನ್ನೆಲ್ಲ ಬಿಟ್ಟು, ಹಳೇ ನಾಟಕದ ಗದೆ ಎತ್ತಿಕೊಂಡು ರಂಗದ ಮುಂದಕ್ಕೆ ಬಂದು ಜನರನ್ನೇ ಗದರಿದಳು: “ಅವ್ನು ಯೋಳ್ದಿದ್ರೆ ಬುಡ್ರೋ. ನಿಮಗೆಲ್ಲ ಗೊತ್ತೈತಲ್ಲ? ಈಗ ತಾನೆ ನೋಡಿದ್ರಲ್ಲ? ನೀವ್ ಯೋಳ್ರಿ! ಯಾರವ್ರು?”

ಒಂದು ದನಿಯೂ ಇಲ್ಲ. ತಿಂಗಳಿನಿಂದ ನಲ್ಲಿಯ ಹತ್ತಿರ ಆ ನಾಲ್ಕು ಹೆಸರು ಹಾಡಿದವರು, ಸೆರಗಿನಲ್ಲಿ ಕೊಬ್ಬರಿ ಕಟ್ಟಿಕೊಂಡವರು, ಹಿಂದಿನಿಂದ ಸಿಳ್ಳೆ ಹೊಡೆದವರು, ಎಲ್ಲರೂ ತುಟಿ ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದರು. ಒಂದು ಮಗು ಏನೋ ಹೇಳಲು ಹೋಯಿತು. ಅದರ ಅವ್ವ ಬಾಯಿ ಮುಚ್ಚಿದಳು. ರಸ್ತೆಯಲ್ಲಿ ಹಾಸನದ ಬಸ್ಸು ಹೋದದ್ದು ಸ್ಪಷ್ಟವಾಗಿ ಕೇಳಿಸಿತು.

ಕೊನೆಯ ದೃಶ್ಯದಲ್ಲಿ ಮೇಷ್ಟ್ರ ಮಂಗಳಕ್ಕೆ ಜನ ಎದ್ದು ನಿಂತರು. ಈಗ ಹೆಸರು ಹೇಳಬಹುದಾಗಿತ್ತು. ಎಲ್ಲರೂ ಒಟ್ಟಿಗೆ ಹೇಳಿದರು, ರಂಗದ ಮೇಲ್ಗಡೆ ಕಟ್ಟಿದ್ದ ಅಟ್ಟಣಿಗೆಯಲ್ಲಿ ಉಳಿದಿದ್ದ ಹಿಮವೆಲ್ಲ ಖಾಲಿಯಾಗುವವರೆಗೂ ಹೇಳಿದರು. ಮೇಷ್ಟ್ರು ಮೂರು ಸಲ ಮುಗಿಸಿ ಮೂರು ಸಲವೂ ಮತ್ತೆ ಶುರು ಮಾಡಿದರು.

ಆಟ ಮುಗಿದ ಮೇಲೆ ಬೆರಿಟ್ ಪರದೆಯ ಒಳಗೆ ಬಂದರು. ಸೀರೆಯ ತುಂಬ ಕೊಬ್ಬರಿ. ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡು, “ಅಪ್ಪ ಜೈಲಿನಲ್ಲಿ ಒಬ್ಬರೇ ಇದ್ದರು. ಇವತ್ತು ಅವರ ಜೊತೆ ಒಂದು ಊರೇ ಸುಮ್ಮನಿತ್ತು” ಎಂದರು. ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮನ ಮೀಸೆ ಅರ್ಧ ಕಿತ್ತುಬಂದಿತ್ತು. ಆ ಮೀಸೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ನಕ್ಕಳು.

ನಾನು ತಿದಿ ಹಿಡಿಯಲು ಬಂದಾಗ ಪೂರ್ತಿ ಬೆಳಕಿನಲ್ಲಿ ನಿಂತಿದ್ದೆನಂತೆ, ಅಷ್ಟೂ ಹೊತ್ತು. ದ್ರಾಕ್ಷಾಯಣಿ ಅಕ್ಕ ಹೇಳಿದಳು. “ಮಂಗಳಕ್ಕಂತೂ ನಿಂದೇ ದನಿ ಜೋರು” ಎಂದಳು. ಇರಲಾರದು.

ಮಾರ್ಚ್ 14, ಶುಕ್ರವಾರ

ಬೆರಿಟ್ ಅವರನ್ನು ಅರಸೀಕೆರೆ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಹತ್ತಿಸಿ ಬಂದೆ. ರೈಲು ತಡವಾಗಿತ್ತು. ಬೆಂಚಿನ ಮೇಲೆ ಕೂತು ಚುರುಮುರಿ ತಿನ್ನುತ್ತಾ ಕೇಳಿದೆ: “ಓಲಾ, ಕ್ನೂಟ್, ಯೆನ್ಸ್ ಬೆಟ್ಟದಲ್ಲಿ ಜೊತೆಗಿದ್ದರು ಎಂದಿರಿ. ಗುದ್ರುನ್ ಏನು ಮಾಡುತ್ತಿದ್ದಳು?”

“ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ” ಎಂದರು. “ಕಿವಿಗೆ ಯಂತ್ರ ಹಾಕಿಕೊಂಡು, ಈ ತಂತಿಯನ್ನು ಆ ತೂತಿಗೆ ಸಿಕ್ಕಿಸುತ್ತಾ ದಿನವಿಡೀ ಕೂತಿರುತ್ತಿದ್ದಳು. ಜರ್ಮನ್ ಅಧಿಕಾರಿಗಳಿಗೆ ಅವಳೊಬ್ಬಳು ಅಲ್ಲಿದ್ದಾಳೆ ಎಂಬುದೇ ನೆನಪಿರುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು ಸಂಜೆ ಅಪ್ಪನಿಗೆ ಹೇಳುತ್ತಿದ್ದಳು. ಹಡಗುಗಳ ಸುದ್ದಿಯೆಲ್ಲ ಅವಳದೇ.”

“ಆಮೇಲೆ?”

“ಆಮೇಲೆ ಮದುವೆಯಾಗಿ ಅದೇ ಊರಲ್ಲಿ ಬೇಕರಿ ಇಟ್ಟಳು. ತುಂಬ ವರ್ಷ ಬದುಕಿದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಪ್ಪ ಒಮ್ಮೆ ನಕ್ಷೆ ಒಯ್ದು ಗುಡ್ಡ ತೋರಿಸಿದಾಗ, ‘ಅವರಿಗೆಲ್ಲ ಬೆಟ್ಟ, ನನಗೆ ಇಷ್ಟೇ ಇಷ್ಟು ಗುಡ್ಡವಾ?’ ಎಂದು ಜಗಳವಾಡಿದಳಂತೆ. ಅಪ್ಪ ಅಷ್ಟು ನಕ್ಕಿದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.”

ರೈಲು ಬಂತು. ಅವರು ಕಿಟಕಿಯಿಂದ ಕನ್ನಡದಲ್ಲಿ, “ಬತ್ತೀನಿ” ಎಂದರು. ಥೇಟ್ ದೇವೀರಮ್ಮಜ್ಜಿಯ ಹಾಗೆ.

ಮನೆಯಲ್ಲಿ ಎಲ್ಲರೂ ಸೇರಿದ್ದರು. ಬೇಲೂರಿನವರು ಆಟಕ್ಕೆ ಕರೆದಿದ್ದಾರೆ. ಮುಂದೆ ಯಾವ ನಾಟಕ ಎಂಬ ಮಾತು ಬಂದಾಗ ಗುದ್ರುನ್ ಕಥೆ ಹೇಳಿದೆ. ಮೇಷ್ಟ್ರು ಆಗಲೇ ಟೆಲಿಫೋನ್ ಗಂಟೆಯ ತಾಳ ಹುಡುಕುತ್ತಿದ್ದರು. ದ್ರಾಕ್ಷಾಯಣಿ ಅಕ್ಕ, “ನಂಗೂ ಒಂದ್ಸಲ ಒಳ್ಳೇವ್ಳ ಪಾರ್ಟು ಕೊಡ್ರೇ, ಕಿರೀಟ ಬುಟ್ಕೊಡ್ತೀನಿ” ಎಂದಳು. ದೊಡ್ಡಮ್ಮ ತನ್ನ ಸೊಂಟ ತೋರಿಸಿ, “ಆ ಹುಡ್ಗಿ ಕುರ್ಚಿ ಮೇಲೆ ಕೂತಿರೋದಲ್ವಾ? ನಂಗಿದ್ರೆ ವಾಸಿ” ಎಂದಳು. ಗುದ್ರುನ್ ಪಾತ್ರ ಯಾರಿಗೆ ಎಂದು ಎಲ್ಲರೂ ನನ್ನನ್ನು ಕೇಳಿದರು. ಬರೆದು ಮುಗಿಸುತ್ತೇನೆ, ಆಮೇಲೆ ನೋಡೋಣ ಎಂದೆ.

ಮೊದಲ ದೃಶ್ಯ ಈಗಷ್ಟೇ ಬರೆದೆ. ರಂಗದ ಮಧ್ಯದಲ್ಲಿ ಒಂದು ಕುರ್ಚಿ, ಒಬ್ಬ ಹುಡುಗಿ, ಪೂರ್ತಿ ಬೆಳಕು. ಆ ಪಾತ್ರವನ್ನು ಯಾರಿಗೂ ಕೊಡುವುದಿಲ್ಲ. ನಾನೇ ಮಾಡುತ್ತೇನೆ.